ಟಕ್ ಎಂದ ಮೇಲೆ

ಜಲ್ಲಿರಸ್ತೆ ಎರಡಾಗಿ ಸೀಳುವಲ್ಲಿ ಒಂದು ಬಂಕು,
ಎರಡು ಪಂಪು, ಅದರಲ್ಲೊಂದು ಕೆಟ್ಟು ಕೂತಿದೆ.
ಮಿಕ್ಕದ್ದೆಲ್ಲ ದಕ್ಷಿಣ ನಮೀಬಿಯಾದ ಆಕಾಶ,
ಅದರ ಕೆಳಗೆ, ನೆಪಕ್ಕೆ, ಒಂದು ತಗಡು.
ಮುಂದಿನ ಬಂಕಿಗೆ ಇನ್ನೂರ ಹತ್ತು ಕಿಲೋಮೀಟರು.

ವಿಲ್ಹೆಲ್ಮಿನಾ ಸ್ವಾರ್ಟ್‌ಬೂಯಿ ಹನ್ನೊಂದು ವರ್ಷದಿಂದ ಇಲ್ಲಿ
ಗಾಡಿಗಳಿಗೆ ಉಣಿಸುತ್ತಾಳೆ. ಎಲ್ಲರೂ ಕರೆಯುವುದು ಮೀನಾ ಎಂದು;
ನಮ್ಮ ಕಿವಿಗೆ ಪಕ್ಕದ ಬೀದಿಯ ಹೆಸರು.
ಬಾಡಿಗೆ ಜೀಪಿನ ಪ್ರವಾಸಿಗಳಿಗೆ ಅವಳು ಹೇಳುವ ಪಾಠ ಒಂದೇ:

ಕೊಳವಿಯ ತುದಿಯಲ್ಲಿ ಸಣ್ಣದೊಂದು ತೂತಿದೆ, ನೋಡಿ.
ಅದು ಇದರ ಮೂಗು.
ಎಣ್ಣೆ ಮೂಗಿನ ಮಟ್ಟ ಬಂತೋ, ಉಸಿರು ನಿಂತಿತು,
ಕುದುರೆ ಟಕ್ಕೆಂದು ಕೈಬಿಟ್ಟಿತು.
ಇಷ್ಟು ಬುದ್ಧಿ ನನ್ನ ತಮ್ಮನಿಗಿದ್ದಿದ್ದರೆ
ಮದುವೆಮನೆಗಳಿಂದ ಅವನನ್ನು ಹೊತ್ತು ತರಬೇಕಿರಲಿಲ್ಲ.
ಆಮೇಲೆ ಒತ್ತಿದ್ದು ಹೊಟ್ಟೆಗೆ ಹೋಗುವುದಿಲ್ಲ.
ಆವಿ ಹಿಡಿಯಲೆಂದು ಒಳಗೊಂದು ಇದ್ದಿಲ ಡಬ್ಬಿ,
ಅದನ್ನು ತೋಯಿಸುತ್ತದೆ. ಎಂಜಿನ್ ಕೆಮ್ಮಿದರೆ
ನನ್ನನ್ನು ಬೈಯಬೇಡಿ.

ಊರಿಗೆಲ್ಲ ಅಜ್ಜ, ಔಪಾ ಕಾಸ್ಪರ್. ಅವನ ಮುಂದೆ ಈ ಪಾಠ ನಡೆಯದು.
ಅವನ ಬೆನ್ನುತೆರೆದ ಬಕ್ಕಿಗೆ ಡಬ್ಬಿಯೇ ಇಲ್ಲ,
ಎಡಗಡೆಯ ಕನ್ನಡಿಯೂ ಇಲ್ಲ.
"ಟಕ್ ಅಂದಿತೇ? ಅನ್ನಲಿ. ಇನ್ನೊಂದಿಷ್ಟು."
ಸೊಂಟ ಕೊಟ್ಟು ಗಾಡಿಯನ್ನು ತೂಗುತ್ತಾನೆ,
ಸೇರಿನಲ್ಲಿ ಕಾಳು ಅಳೆಯುವವಳು ಕುಲುಕಿ ಕುಲುಕಿ
ಮೇಲೊಂದು ಹಿಡಿಗೆ ಜಾಗ ಮಾಡಿದಂತೆ.
ಗುಳ್ಳೆ ಏಳುತ್ತದೆ. "ಇನ್ನೊಂದಿಷ್ಟು."
ಬಾಯಲ್ಲಿ ಎಣ್ಣೆ ಹೊಳೆದರೇನೇ ಅವನಿಗೆ ತುಂಬಿದ ಲೆಕ್ಕ.

ಕಾರಣವಿದೆ. ಹರೆಯದಲ್ಲಿ, ತನ್ನದೇ ಮದುವೆಯ ದಿನ,
ಚರ್ಚು ಹತ್ತೊಂಬತ್ತು ಕಿಲೋಮೀಟರು ಇರುವಾಗ ಟ್ಯಾಂಕು ಬತ್ತಿತು.
ಕೋಟನ್ನು ತಲೆಗೆ ಸುತ್ತಿ ನಡೆದ.
ತಲುಪುವಷ್ಟರಲ್ಲಿ ಪಾದ್ರಿಗೆ ನಿದ್ದೆ,
ಅರ್ಧ ಕೇಕು ಮದುಮಗಳ ಹೊಟ್ಟೆಯಲ್ಲಿ.
ದೀಪ ಹಚ್ಚಿ ಮದುವೆ ಮಾಡಿದರು.
ಲಿಸ್ಬೆತ್ ಅಂದು ಕೇಳಿದ್ದನ್ನೇ ನಲವತ್ತನಾಲ್ಕು ವರ್ಷ
ಬಾಗಿಲಲ್ಲಿ ನಿಂತು ಕೇಳಿದಳು: "ತುಂಬಿಸಿದ್ದೀಯಾ?"
ಈಗ ಕೇಳುವುದಿಲ್ಲ. ಮಣ್ಣು ಮಾಡಿ ಮೂರು ಬೇಸಿಗೆ.

ಮೀನಾ ಒಮ್ಮೆ ಲೆಕ್ಕ ಹಾಕಿದ್ದಳು.
ಟಕ್ ಎಂದ ಮೇಲೆ ಹಿಡಿಯುವುದು ಅರ್ಧ ಲೀಟರು,
ಅರ್ಧ ಲೀಟರೆಂದರೆ ಐದು ಕಿಲೋಮೀಟರು.
ಹತ್ತೊಂಬತ್ತರಲ್ಲಿ ಐದು ಕಳೆದರೂ
ಹದಿನಾಲ್ಕು ನಡೆಯಲೇಬೇಕಿತ್ತಲ್ಲ ಔಪಾ?
ಹೇಳಲಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಎಂದ ನಮ್ಮ ಹಿರಿಯರು
ಪೆಟ್ರೋಲು ಕಂಡವರಲ್ಲ.
ನೆಲದಡಿಯ ತಂಪಿನಿಂದ ಎದ್ದು ಬಂದದ್ದು
ನಲವತ್ತಮೂರು ಡಿಗ್ರಿಯಲ್ಲಿ ಮೈ ಹಿಗ್ಗಿಸುತ್ತದೆ.
ಹೋದ ಗುರುವಾರ ಅಜ್ಜ ಮೇಕೆ ಮಾರಿ ಬರುವಷ್ಟರಲ್ಲಿ
ಮುಚ್ಚಳದ ಅಂಚಿನಿಂದ ಹನಿ, ಹನಿ,
ಮರಳಲ್ಲಿ ಕಪ್ಪು ತಟ್ಟೆಯೊಂದು.
"ನೀನು ದುಡ್ಡು ಕೊಟ್ಟದ್ದು ಇದಕ್ಕೆ," ಎಂದಳು ಮೀನಾ.
ಅವನು ಕುಕ್ಕರುಗಾಲಲ್ಲಿ ಕೂತು, ಬೆರಳು ಅದ್ದಿ, ಮೂಸಿ,
ಪ್ಯಾಂಟಿಗೆ ಒರೆಸಿಕೊಂಡ.
"ಇರಬಹುದು. ಆದರೂ ಅವಳಿಗೆ ಏನು ಹೇಳಲಿ?"

ಈ ಗುರುವಾರ ಟಕ್ ಎಂದಿತು.
ಮೀನಾ ಕೊಳವಿ ತೆಗೆಯಲಿಲ್ಲ, ಕುದುರೆಯನ್ನೂ ಒತ್ತಲಿಲ್ಲ.
ತಾನೇ ಸೊಂಟ ಕೊಟ್ಟು ಗಾಡಿ ತೂಗಿದಳು;
ಹಿಂದೆ ಮೇಕೆಗಳು ಒಂದರ ಮೇಲೊಂದು ವಾಲಿ ಗೊಣಗಿದವು.
"ಇನ್ನೊಂದಿಷ್ಟು," ಎಂದಳು, ಅವನದೇ ದನಿಯಲ್ಲಿ.
ಪಂಪಿನ ಅಂಕಿ ಕದಲಲಿಲ್ಲ.

ಅವನು ಅಂಕಿಯನ್ನು ನೋಡಿದ. ಅವಳನ್ನು ನೋಡಿದ.
ತಲೆಯ ಮೇಲಿನ ತಗಡನ್ನು ತುಸು ಹೊತ್ತು ನೋಡಿದ.
ಎಣಿಸಿದ ನೋಟುಗಳ ಮೇಲೆ ಇನ್ನೊಂದು ಹತ್ತು ಡಾಲರು ಇಟ್ಟ,
ಪ್ರತಿ ಸಲ ಚೆಲ್ಲುತ್ತಿದ್ದಷ್ಟಕ್ಕೆ.
"ತುಂಬಿತು," ಎಂದ.

ಹೊರಡುವಾಗ ಪಕ್ಕದ ಸೀಟಿಗೆ ತಿರುಗಿ
ಅದನ್ನೇ ಮತ್ತೊಮ್ಮೆ ಹೇಳಿದ್ದು ಕಿಟಕಿಯಲ್ಲಿ ಕಂಡಿತು.
ಅಲ್ಲಿದ್ದದ್ದು ತಾಯಿ ಒದ್ದು ದೂರವಿಟ್ಟ ಒಂದು ಮರಿ.
ಕಿವಿ ಒದರಿತು.