ನೀರಿನ ಗೂಡಂಗಡಿಯಿಂದ

ಉಲಾನ್‌ಬಾತರ್ ಊರಿನ ಬಡಗಣ ದಿಬ್ಬದ ಮೇಲೆ
ನನ್ನದೊಂದು ಕಿಟಕಿ, ಒಂದು ನಲ್ಲಿ, ಒಂದು ಲೆಕ್ಕದ ಪುಸ್ತಕ.
ಹದಿನೇಳು ವರ್ಷದಿಂದ ನೀರು ಮಾರುತ್ತಿದ್ದೇನೆ.
ಯಾರ ಮನೆಗೆ ನೆಂಟರು ಬಂದರು, ಎಲ್ಲಿ ಕೂಸು ಹುಟ್ಟಿತು,
ಯಾರು ಯಾರನ್ನು ಬಿಟ್ಟು ಹೋದರು,
ಎಲ್ಲ ನನಗೆ ಲೀಟರಿನಲ್ಲಿ ಗೊತ್ತು.

ಜನ ಹುಲ್ಲುಗಾವಲು ಬಿಟ್ಟು ಬಂದರು.
ಒಂದು ಕೆಟ್ಟ ಚಳಿಗಾಲಕ್ಕೆ ಇನ್ನೂರು ಕುರಿ ನಿಂತಲ್ಲೇ ಕಲ್ಲಾದವು;
ಉಳಿದ ಗೆರ್ ಗುಡಾರವನ್ನು ಲಾರಿಗೆ ಹೇರಿ ತಂದು
ಇಲ್ಲಿ ಬಿಚ್ಚಿದರು, ಸುತ್ತ ಹಲಗೆಬೇಲಿ ಹೊಡೆದರು.
ಊರು ಹೀಗೆ ಬೆಳೆಯಿತು, ಯಾರೂ ಬೆಳೆಸಲಿಲ್ಲ.
ನೋಡುತ್ತಿದ್ದವರು ಅತ್ತ ತಿರುಗಿದಾಗ
ಹಾಲು ಉಕ್ಕಿದ ಹಾಗೆ.

ಕಲ್ಲಿದ್ದಲ ಹೊಗೆಯಲ್ಲೇ ಬೆಳಗಾಗುತ್ತದೆ.
ಎಂಟಾದರೂ ಮುಖ ಕಾಣುವುದಿಲ್ಲ, ಕೆಮ್ಮು ಕೇಳುತ್ತದೆ.
ಕೆಮ್ಮಿನಲ್ಲೇ ಗುರುತು ಹಿಡಿಯುತ್ತೇನೆ:
ಇದು ಶಾಲೆಗೆ ಹೊರಟ ಹುಡುಗ,
ಇದು ಬಸ್ಸಿಗಾಗಿ ಎರಡು ಕಿಲೋಮೀಟರು ಇಳಿಯುವ
ಹೊಲಿಗೆಯ ಪುರೆವ್‌ಸುರೇನ್.

ಎನೆರೆಲ್ ಬಂದಳು, ನಗರಸಭೆಯ ಯೋಜನೆಯ ಹುಡುಗಿ,
ಕಂಕುಳಲ್ಲಿ ನಕ್ಷೆಯ ಸುರುಳಿ, ಕೈಗವಸಿಗೆ ಬೆರಳಿಲ್ಲ.
ಬೇಲಿಯೊಳಗಿನ ನೆಲ ಕೊಟ್ಟರೆ ಬದಲಿಗೆ ಫ್ಲ್ಯಾಟು.
ನೂರಕ್ಕೆ ಎಪ್ಪತ್ತೈದು ಸಹಿ ಬಿದ್ದರೆ ಕೊಳವೆ ಬರುತ್ತದೆ,
ಬಿಸಿನೀರು ಗೋಡೆಯೊಳಗೆ ಹರಿಯುತ್ತದೆ,
ಒಲೆ ಆರುತ್ತದೆ, ಹೊಗೆ ಆರುತ್ತದೆ.
ನಕ್ಷೆಯಲ್ಲಿ ನನ್ನ ಗೂಡಂಗಡಿ ಇದ್ದಲ್ಲಿ ಒಂದು ಮರ.
ಚೆನ್ನಾಗಿ ಬಿಡಿಸಿದ್ದಳು. ಎಲೆ ಕೂಡ ಇತ್ತು.

ಒಂದು ಸಹಿ ಸಾಲದು. ಒಪ್ಪದವನು ಯಾದಮ್ಸುರೇನ್.
‘ಗೆರ್‌ಗೆ ಮೂಲೆಯಿಲ್ಲ,’ ಅಂದ. ‘ಎಪ್ಪತ್ತೊಂದು ವರ್ಷ
ನನ್ನನ್ನು ಯಾರೂ ಮೂಲೆಗುಂಪು ಮಾಡಲಾಗಲಿಲ್ಲ.
ನಿನ್ನ ಮನೆಯಲ್ಲಿ ಕೋಣೆಗೆ ನಾಲ್ಕು.
ಬಾಗಿಲಾದರೂ ತೆಂಕಣಕ್ಕೆ ತೆರೆಯುತ್ತದೋ?’
‘ಲಿಫ್ಟಿನ ಕಡೆಗೆ,’ ಅಂದಳು, ಸುಳ್ಳು ಬಾರದ ಹುಡುಗಿ.
‘ಬಸ್ಸು?’
ಅವಳು ನಕ್ಷೆ ನೋಡಿದಳು. ದಾರಿ ನೇರವಿತ್ತು, ಅಗಲವಿತ್ತು,
ಕಾರು ನಿಲ್ಲಿಸಲು ಮುನ್ನೂರು ಚೌಕಗಳಿದ್ದವು.
ದಿಬ್ಬದಲ್ಲಿರುವ ಕಾರು ನಾಲ್ಕು.
ಮೂರು ಕೆಟ್ಟಿವೆ.

ಆ ರಾತ್ರಿ ಹಿಮ ಬಿತ್ತು. ಮಧ್ಯಾಹ್ನ ಗಾಳಿ ಎದ್ದು ಹೊಗೆ ಚದುರಿತು.
ಏಣಿ ಕೇಳಿದಳು, ನನ್ನ ಸೂರಿನ ಮೇಲೆ ಹತ್ತಿದಳು.
ಕೆಳಗೆ ನೀರಿನ ಗಾಡಿಗಳ ಗೆರೆ, ಮಕ್ಕಳ ಜಾರು, ನಾಯಿಗಳ ಓಡಾಟ,
ಮುದುಕಿಯೊಬ್ಬಳು ಉಸಿರಿಗಾಗಿ ನಿಂತ ಜಾಗ.
ಒಂದೂ ನೇರವಿಲ್ಲ, ಒಂದೂ ಸುಮ್ಮನೆ ಸೊಟ್ಟಗಿಲ್ಲ:
ಕಡಿದಾದಲ್ಲಿ ಬಳಸಿ, ಗಾಳಿ ಹೊಡೆಯುವಲ್ಲಿ ಬೇಲಿಗೆ ಅಂಟಿ
ಎಲ್ಲ ಬಂದು ನನ್ನ ಕಿಟಕಿಯ ಮುಂದೆ ಗಂಟುಬಿದ್ದಿದ್ದವು.
ಪೆನ್ನಿನ ಶಾಯಿ ಹೆಪ್ಪುಗಟ್ಟಿತ್ತು.
ಸೀಸದಕಡ್ಡಿಯಲ್ಲಿ, ಹೊಗೆ ಮತ್ತೆ ಮುಚ್ಚುವ ಮೊದಲು,
ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ನೋಡುವವಳ ಹಾಗೆ
ಬರೆದುಕೊಂಡಳು.

ಹೊಸ ನಕ್ಷೆಯಲ್ಲಿ ದಾರಿ ಹಾವಿನ ಹಾಗಿದೆ. ಮೇಲಿನವರು ನಕ್ಕರಂತೆ.
ಮರವನ್ನು ಎಂಟು ಗಜ ಸರಿಸಿದ್ದಾಳೆ.
ಅದಿದ್ದಲ್ಲಿ ಬಸ್‌ಸ್ಟಾಪು, ಬೆಂಚು, ಗಾಳಿಗೆ ಅಡ್ಡ ಮೂರು ಗೋಡೆ.
ಯಾದಮ್ಸುರೇನ್ ಸಹಿ ಹಾಕಿದ, ಬಸ್ಸಿನ ಗುರುತಿನ ಪಕ್ಕದಲ್ಲಿ,
ಸಹಿಯ ಜಾಗದಲ್ಲಲ್ಲ. ಅದು ನಡೆಯುತ್ತದೋ ಎಂದು
ವಕೀಲರನ್ನು ಕೇಳುತ್ತಿದ್ದಾರೆ.

‘ನೀವು?’ ಅಂದಳು ಎನೆರೆಲ್, ನನ್ನ ಉಪ್ಪು ಚಹಾ ಕುಡಿಯುತ್ತ.
ನಲ್ಲಿ ಮನೆಮನೆಗೆ ಬಂದಮೇಲೆ ನಾನು ಯಾರ ಲೆಕ್ಕ ಬರೆಯಲಿ?
ಮೀಟರು ಬರೆಯುತ್ತದೆ.
ಕೂಸು ಹುಟ್ಟಿದ್ದು ಮೀಟರಿಗೂ ಗೊತ್ತಾದೀತು,
ಹೆಸರೇನಿಟ್ಟಿರಿ ಎಂದು ಕೇಳಲು ಬಾರದು.

ನಾನೂ ಸಹಿ ಹಾಕಿದೆ.
ಹದಿನೇಳು ವರ್ಷ ಈ ಕಿಟಕಿಯಲ್ಲಿ ಚಿಲ್ಲರೆ ಎಣಿಸುವ
ಒಡೆದ ಬೆರಳುಗಳನ್ನು ನೋಡಿದ್ದೇನೆ.

ಫ್ಲ್ಯಾಟಿಗೆ ಹೋದರೆ ನನಗೊಂದು ಮೂಲೆ ಬೇಕು,
ಎರಡು ಕ್ಯಾನು ಇಡಲು. ತುಂಬಿಸಿಯೇ ಇಡುತ್ತೇನೆ.
ಕೊಳವೆಯನ್ನು ನಂಬದೆ ಅಲ್ಲ.
ಯಾರಾದರೂ ಬಾಗಿಲು ತಟ್ಟಿ ಕೇಳಿದರೆ ಅಂತ.