ನಿಂಬೆಗೆ ನಿಮಿಷ

ಮೊದಲು ನೀರು, ಓಗ್ನೆನ್. ನಲ್ಲಿಯದಲ್ಲ,
ಬ್ಯಾಟರಿಗೆ ಹಾಕುತ್ತಾರಲ್ಲ, ಭಟ್ಟಿ ಇಳಿಸಿದ್ದು.
ಉಪ್ಪಿನಕಾಯಿ ಭರಣಿ ತೊಳೆದಿಟ್ಟಿದ್ದೇನೆ, ಅದರಲ್ಲಿ ಮುಳುಗಿಸು,
ಮುಚ್ಚಳದ ಮೇಲೆ ಇವತ್ತಿನ ತಾರೀಖು ಬರೆ.
ನೀರು ಕೆಂಚಗಾದರೆ ಚೆಲ್ಲು. ಮತ್ತೆ ತುಂಬು.
ಮತ್ತೆ ಚೆಲ್ಲು.
ನಿಮ್ಮ ಮೆಕ್ಕೆಜೋಳ ತೆನೆ ಕಟ್ಟುವ ತನಕ ಇಷ್ಟೇ ಕೆಲಸ.
ಮುಖ ಯಾರದು ಅಂತ ಈಗಲೇ ಕೇಳಬೇಡ.
ದೂರದಿಂದ ಬಂದವರಿಗೆ
ಹೆಸರು ಕೇಳುವ ಮುಂಚೆ ಕಾಲಿಗೆ ನೀರು ಕೊಡಬೇಕು.

ಸಾರ್ಡೀನ್ ಡಬ್ಬಿಯಲ್ಲಿ ಹನ್ನೊಂದು ತಂದೆ.
ನೇಗಿಲಿಗೆ ಸಿಕ್ಕಿದ್ದು,
ನಿನ್ನಪ್ಪ ಹಳೇ ಗುಂಡಿಗಳೆಂದು ಬದುವಿಗೆ ಎಸೆದದ್ದು.
ಸಾವಾ ದಂಡೆಯ ಮಣ್ಣೇ ಹೀಗೆ ಮಗೂ,
ಈರುಳ್ಳಿ ಕೀಳಲು ಹೋದರೆ ಚಕ್ರವರ್ತಿ ಬರುತ್ತಾನೆ
ಕಿವಿ ತುಂಬ ಕೆಸರು ತುಂಬಿಕೊಂಡು.
ಮ್ಯೂಸಿಯಮ್ಮಿನ ನೆವೆಂಕಾ ಎಲ್ಲ ಬರೆದುಕೊಂಡಿದ್ದಾಳೆ,
ಹೊಲದ ಯಾವ ಮೂಲೆ, ಎಷ್ಟು ಆಳ.
ತೊಳೆಯುವುದಷ್ಟೇ ನಮಗೆ ಬಿಟ್ಟಳು.

ಇದೊಂದನ್ನು ಬೇರೆ ಇಡು. ಕೈ ತೊಳೆ.
ಮೂಗಿನ ಹತ್ತಿರ ಕಂಡೆಯಾ, ಎಳೆ ಬಟಾಣಿ ಬಣ್ಣದ ಪುಡಿ?
ಕಂಚಿನ ಕಾಯಿಲೆ.
ಒಳಗೆ ಉಪ್ಪು ಕೂತಿದೆ, ತೇವ ಸಿಕ್ಕಾಗಲೆಲ್ಲ ತಿನ್ನುತ್ತದೆ.
ಕಡುಹಸಿರಾದರೆ ಹೆದರಬೇಡ, ಅದು ಚರ್ಮ,
ಮಣ್ಣು ಹೊದಿಸಿ ಕಳಿಸಿದ ಕಂಬಳಿ.
ಇದು, ಉಗುರಿಗೆ ಉದುರುವುದು, ಇದು ಕಳ್ಳ.
ಸೋಡಾ ನೀರಲ್ಲಿ ಬೇರೆಯೇ ಮಲಗಲಿ,
ಉಳಿದರೆ ಉಳಿದೀತು.

ಒರೆಸಿದರೆ ಹೊಳೆಯುತ್ತದಾ ತಾತ?
ಹೊಳೆಯುತ್ತದೆ. ಅದೇ ಕಷ್ಟ.
ಆ ಹೊಲಿಗೆ ಮೆಷಿನ್ನಿನ ಎಡಗಾಲ ಕೆಳಗೆ ನೋಡು.
ಇನ್ನೂ ಬಗ್ಗು. ಸಿಕ್ಕಿತಾ ಬಿಲ್ಲೆ?
ಅದು ನನ್ನ ಮೊದಲನೆಯದು.
ನನಗೆ ಹತ್ತೊಂಬತ್ತು, ಅವತ್ತು ಭಾನುವಾರ,
ಮಿಲುಂಕಾಗೆ ತೋರಿಸುವ ಆತುರ.
ನಿಂಬೆಹಣ್ಣು ಹಿಂಡಿ ತಂತಿಯ ಬ್ರಷ್ಷಲ್ಲಿ ಉಜ್ಜಿದೆ.
ಹೊಳೆಯಿತು, ಹೊಸ ಬೋಗುಣಿಯ ಹಾಗೆ.
ಅವಳು ಕಿಟಕಿಯ ಹತ್ತಿರ ಹಿಡಿದು
ಈ ಕಡೆ ತಿರುವಿದಳು, ಆ ಕಡೆ ತಿರುವಿದಳು,
"ಚೆನ್ನಾಗಿದೆ, ಆದರೆ ಒಳಗೆ ಯಾರೂ ಇಲ್ಲವಲ್ಲ" ಅಂದಳು.
ಮಣ್ಣಿಗೆ ಸಾವಿರದೇಳುನೂರು ವರುಷ,
ನಿಂಬೆಗೆ ನಿಮಿಷ.
ಮದುವೆಯ ಮೇಲೆ ಮೆಷಿನ್ ಕುಂಟಿದಾಗ
ಅವಳೇ ಅದನ್ನು ಅಲ್ಲಿ ತುರುಕಿದಳು.
ಅವಳು ಹೋಗಿ ಆರು ವರ್ಷ.
ಮೆಷಿನ್ ಇನ್ನೂ ಅಲುಗಾಡಿಲ್ಲ.

ಅದಕ್ಕೇ ಈ ಮುಳ್ಳು. ಬೇಲಿಯ ಗಿಡದ್ದು, ಲೋಹಕ್ಕಿಂತ ಮೆತ್ತಗೆ.
ಭೂತಗನ್ನಡಿಯ ಕೆಳಗೆ, ಉಸಿರು ಹಿಡಿದು,
ಒಂದು ಸಂಜೆಗೆ ಒಂದು ಅಕ್ಷರ.
ನಿನ್ನೆ ನನಗೆ ಅರ್ಧ ಕಿವಿ ಸಿಕ್ಕಿತು.

ಇದಕ್ಕೆ ಆಗ ಏನು ಬರುತ್ತಿತ್ತು ಅಂತೀಯಾ?
ಯಾವ ತಿಂಗಳು ಅನ್ನುವುದರ ಮೇಲೆ.
ಅಂಚು ನೋಡು, ಬೆಳ್ಳಿಯ ಪೊರೆ, ಈರುಳ್ಳಿ ಸಿಪ್ಪೆಯಷ್ಟು,
ಒಳಗೆಲ್ಲ ತಾಮ್ರ.
ಬೆಳ್ಳಿಯೆಂದು ನಂಬಿಸಿ ಸಿಪಾಯಿಗೆ ಸಂಬಳ ಕೊಟ್ಟರು,
ಸಿಪಾಯಿ ಬೆಳ್ಳಿಯೆಂದು ನಂಬಿಸಿ ರೊಟ್ಟಿಯವಳಿಗೆ ಕೊಟ್ಟ,
ರೊಟ್ಟಿಯವಳು ಉಗುರಲ್ಲಿ ಗೀರಿ ನೋಡಿದಳು.
ನಗಬೇಡ.
ತೊಂಬತ್ತಮೂರರ ಚಳಿಗಾಲ, ನನ್ನ ಜೇಬಲ್ಲಿ
ಐವತ್ತು ಸಾವಿರ ಕೋಟಿ ದಿನಾರ್, ಒಂದೇ ನೋಟು.
ಮೊಟ್ಟೆ ಅಂಗಡಿಗೆ ಓಡಿದೆ,
ನಾನು ಸಾಲಲ್ಲಿ ನಿಂತಿದ್ದ ಹಾಗೆಯೇ
ಹಲಗೆ ಅಳಿಸಿ ಬೇರೆ ಬೆಲೆ ಬರೆದರು.
ಎರಡು ಮೊಟ್ಟೆಗೆ ಹೋದವನು
ಬರಿಗೈಯಲ್ಲಿ ಬಂದು ಈ ತಟ್ಟೆಯ ಮುಂದೆ ಕೂತೆ.
ಗಡ್ಡದವನೊಬ್ಬನನ್ನು ಕೇಳಿದೆ,
ನಿನಗೆ ಗೊತ್ತಿತ್ತೇನಯ್ಯಾ, ಇಲ್ಲಾ
ನಿನಗೂ ಯಾರೂ ಹೇಳಲಿಲ್ಲವಾ?

ಅಂಚಿನಿಂದ ಹಿಡಿ. ಬೆರಳ ಬೆವರು ಮುಖಕ್ಕೆ ತಾಗದಿರಲಿ.
ಒಣಗಿದ ಮೇಲೆ ಮೇಣ, ಮೇಣದ ಮೇಲೆ ಕಾಗದದ ಲಕೋಟೆ,
ಪ್ಲಾಸ್ಟಿಕ್ಕು ಬೇಡ, ಅದು ಬೆವರುತ್ತದೆ.
ಮಿಲುಂಕಾಳ ಬಿಲ್ಲೆಯನ್ನು ಇದ್ದಲ್ಲೇ ಇಡು. ಹಾಂ, ಅಲ್ಲೇ.

ಅರೆ, ಆಗಲೇ ಕೆಂಚಗಾಯಿತಲ್ಲ ನೀರು!
ಹೋಗು, ಚೆಲ್ಲಿ ಬಾ. ಬಚ್ಚಲಿಗಲ್ಲ,
ಹಿತ್ತಲ ಗುಲಾಬಿಯ ಬುಡಕ್ಕೆ.
ಅದು ನಿಮ್ಮ ಹೊಲ ಕಣೋ.