ಮೂವತ್ತೊಂಬತ್ತು

ಪೊಲಾಂಕೊ ಗುಡ್ಡ ಹತ್ತುವ ಲಿಫ್ಟು ಸಿಗಬೇಕಾದರೆ
ಮೊದಲು ಗುಡ್ಡದ ಹೊಟ್ಟೆಯೊಳಗೆ ನಡೆಯಬೇಕು:
ಸುರಂಗ, ಒಸರುವ ಗೋಡೆ, ದೂರದೂರಕ್ಕೊಂದು ಬಲ್ಬು,
ಕೊನೆಯಲ್ಲಿ ಟಿಕೀಟಿನ ಮುದುಕ. ನಾಣ್ಯ ಕೊಟ್ಟರೆ ಬಾಗಿಲು.
ವಾಲ್ಪರೈಸೊದ ಮಕ್ಕಳಿಗೆ ಆಟದ ನಿಯಮ
ಯಾರೂ ಹೇಳಿಕೊಡಬೇಕಿರಲಿಲ್ಲ.

ದೋನ್ ಕುಸ್ತೋದಿಯೊ ರೇಡಿಯೊ ರಿಪೇರಿಯವನು.
ಅಂಗಡಿಯ ಹಿಂಗೋಣೆಯಲ್ಲಿ ಎರಡು ಟೀವಿ, ಎರಡು ಆಟದ ಪೆಟ್ಟಿಗೆ,
ಅರ್ಧ ಗಂಟೆಗೆ ನೂರು ಪೆಸೊ.
ಡಿಸ್ಕು ಕಳ್ಳಮಾಲು, ಒಳಗಿನದೆಲ್ಲ ಜಪಾನೀ ಅಕ್ಷರ.
ನಮಗೆ ಓದಲು ಬಂದದ್ದು ಅಂಕಿಯೊಂದೇ:
ಕಡಲಬಾಗಿಲ ಮೇಲೆ ಕೆತ್ತಿದ ನಲವತ್ತು.
ನಲವತ್ತು ಚಂದ್ರಚೂರು ತಂದವರಿಗೆ ಅದು ತೆರೆಯುತ್ತದೆ.
ಚಂದ್ರಚೂರು ಎಂದು ಹೆಸರಿಟ್ಟವರು ನಾವೇ;
ಒಡೆದ ತಟ್ಟೆಯ ಚೂರೂ ಇದ್ದೀತು, ಕಂಡವರಾರು.

ಅರ್ಧ ಗಂಟೆಗೆ ಏಳು ಸಿಗುತ್ತಿದ್ದವು,
ಕೈ ಚುರುಕಾದ ದಿನ ಒಂಬತ್ತು.
ಆಮೇಲೆ ಮುದುಕ ಗುಂಡಿ ಒತ್ತುತ್ತಿದ್ದ.
ಪರದೆಯ ನಡುವೆ ಬಿಳಿ ಚುಕ್ಕಿ, ಅದೂ ಆರಿ,
ನಾಳೆ ಮತ್ತೆ ಸೊನ್ನೆಯಿಂದ.

ಯಾಸ್ನಾಳ ಕೊರಳಿಗೆ ಮೆಮೊರಿ ಕಾರ್ಡ್ ಬಂದದ್ದು ಜುಲೈ ಚಳಿಯಲ್ಲಿ.
ಹಡಗಿನ ಅಡುಗೆಭಟ್ಟ ಮಾವ ತಂದದ್ದು. ಬೂದು ಬಣ್ಣ,
ಸವೆದ ಸೋಪಿನ ತುಂಡಿನಷ್ಟು.
ಉಲ್ಲನ್ ಚೀಲದಲ್ಲಿಟ್ಟು ಶೂ ಲೇಸಿನಲ್ಲಿ ತೂಗಿಸಿದ್ದಳು.
ಅವಳಮ್ಮ ಪೋರ್ತಾಲೆಸ್ ದಡದಲ್ಲಿ ಮೀನಿನ ಕರುಳು ತೆಗೆಯುವವಳು;
ತರಗತಿಯ ಬೆಂಚಿನಲ್ಲಿ ಯಾಸ್ನಾಳ ಪಕ್ಕ ಸದಾ ಖಾಲಿ.
ಮೂಗು ಮುಚ್ಚಿಕೊಂಡವರಲ್ಲಿ ನಾನೂ ಇದ್ದೆ, ಸುಳ್ಳೇಕೆ.

ಈಗ ನೋಡಿ.
ಔಷಧಿ ಅಂಗಡಿಯ ಬಾರ್ರಿಯೊಸ್ ಮನೆಯಲ್ಲಿ ಸ್ವಂತ ಪೆಟ್ಟಿಗೆ ಇತ್ತು, ಕಾರ್ಡಿರಲಿಲ್ಲ.
‘ಯಾಸ್ನಾ, ಸಂಜೆ ಬರ್ತೀಯಾ?’
ಹೋದಳು. ಅವರ ಬಚ್ಚಲಲ್ಲಿ ಸಿಂಹಪಾದದ ತೊಟ್ಟಿ ಕಂಡು
ಚಿಲಕ ಹಾಕಿಕೊಂಡು ಬಟ್ಟೆಸಮೇತ ಅದರೊಳಗೆ ಮಲಗಿ ಬಂದಳಂತೆ.
ಆಮೇಲೆ ಅವಳಿಗಳ ಮನೆ: ಅಜ್ಜಿ ‘ಯಾರ ಮಗಳೇ?’ ಎಂದು ಕೇಳಿ,
ಉತ್ತರಕ್ಕೆ ಕಾಯದೆ, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರಿಕೊಟ್ಟಳು.
ಯಾರೂ ನುಡಿಸದ ಪಿಯಾನೊ ಇದ್ದ ಮನೆ,
ಎಲ್ಲರೂ ಪಿಸುಗುಟ್ಟುವ ಮನೆ,
ನಾಯಿಗೆ ಸ್ವೆಟರಿದ್ದ ಮನೆ.
ಗುಡ್ಡ ಅದೇ, ಮೆಟ್ಟಿಲೂ ಅವೇ.
ಅಕ್ಟೋಬರಿನ ಹೊತ್ತಿಗೆ ಹನ್ನೊಂದು ಹೊಸಿಲು ದಾಟಿದ್ದಳು.

ನಮ್ಮ ಮನೆ ಹನ್ನೊಂದನೆಯದು.
ಅಣ್ಣ ಕಂತಿನಲ್ಲಿ ಕೊಂಡ ಪೆಟ್ಟಿಗೆ, ನಾನು ಪಕ್ಕದಲ್ಲಿ.
ಮೂಲೆಯಲ್ಲಿ ಅಂಕಿ ಮೂವತ್ತೊಂಬತ್ತು.
ಎಷ್ಟು ದಿನದಿಂದಲೋ ಅದೇ ಮೂವತ್ತೊಂಬತ್ತು.
‘ಇನ್ನೊಂದು ಎಲ್ಲಿ?’ ಎಂದರೆ ‘ಹುಡುಕ್ತಾ ಇದ್ದೀನಿ’ ಎನ್ನುವಳು,
ಆಟದ ಪೋರನನ್ನು ಹುಲ್ಲು, ಗವಿ, ಗಾಳಿಯಂತ್ರವೆಲ್ಲ ಸುತ್ತಿಸುವಳು.
ಒಮ್ಮೆ ಅವನು ಜಲಪಾತದೆದುರು ನಿಂತ.
ನೀರಿನ ಹಿಂದೆ ಏನೋ ಮಿನುಗಿತು,
ಬಿಟ್ಟು, ಮತ್ತೆ ಮಿನುಗಿತು.
ಅವಳ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ಇತ್ತು.
ಆಮೇಲೆ ಪೋರ ಬೆನ್ನು ತಿರುಗಿಸಿ
ಹುಲ್ಲಿಗೆ ಹೊರಟ.

ನಾನು ಬಾಯಿ ಬಿಡಲಿಲ್ಲ.
ಅಮ್ಮ ಟೀ ತಂದಳು, ಮೂರು ಲೋಟ.

ಬೇಸಿಗೆಗೆ ಅವಳಮ್ಮನಿಗೆ ಗಣಿಯ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು,
ಕಡಲೇ ಇಲ್ಲದ ಕಲಾಮದಲ್ಲಿ.
ಸುರಂಗದ ಬಾಯಲ್ಲಿ ನಿಂತು ಚೀಲ ನನ್ನ ಕೈಗೆ ಹಾಕಿದಳು.
‘ಜಲಪಾತದ ಹಿಂದೆ’ ಎಂದಳು.
‘ನೀನು ನೋಡಿದ್ದು ನಂಗೊತ್ತು.’
ಉಲ್ಲನ್ನಿಗೆ ಮೀನಿನ ವಾಸನೆಯಿತ್ತು, ಸ್ವಲ್ಪವೇ.

ಆ ರಾತ್ರಿ ಅಣ್ಣ ಮಲಗಿದ ಮೇಲೆ ಹೋಗಿ ಎತ್ತಿಕೊಂಡೆ.
ನಲವತ್ತು. ಬಾಗಿಲು ಗರಗರ ಸರಿಯಿತು.
ಒಳಗೆ ಒಂದು ದಡ, ಮೂರು ದೋಣಿ,
ಅಲೆಯ ಸದ್ದು ನಮ್ಮ ಕಿಟಕಿಯಾಚೆಯದರಷ್ಟೂ ಚೆನ್ನಾಗಿರಲಿಲ್ಲ.
ಉಳಿಸಲೆಂದು ಹೋದರೆ ಪರದೆ ಏನೋ ಕೇಳಿತು, ಎರಡೇ ಸಾಲು.
ಅಕ್ಷರ ಬಾರದಿದ್ದರೂ ಪ್ರಶ್ನೆ ತಿಳಿಯಿತು:
ಇದನ್ನಿಡಲು ಆ ಮೂವತ್ತೊಂಬತ್ತನ್ನು ಅಳಿಸಬೇಕು,
ಸರಿಯೇ?
ಜಪಾನೀ ಆಟದಲ್ಲಿ ವೃತ್ತವೆಂದರೆ ಹೌದು, ಗುಣಿಸುವ ಗುರುತೆಂದರೆ ಬೇಡ.
ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು.
ಬಹಳ ಹೊತ್ತು ಕುಳಿತೆ.
ಬಂದರಿನಲ್ಲಿ ಯಾವುದೋ ಹಡಗು ಕೂಗಿತು, ಅಣ್ಣ ಮಗ್ಗುಲಾದ.
ಕಾರ್ಡ್ ಇವತ್ತಿಗೂ ನನ್ನ ಮೇಜಿನ ಖಾನೆಯಲ್ಲಿದೆ.
ಒಳಗಿರುವ ಅಂಕಿ ಅವಳದೇ.